ದಂತ ಶಸ್ತ್ರಕ್ರಿಯೆಯಲ್ಲಿ ಸಿರೆಯ ಶಾಮಕ: ನೋವು ಮತ್ತು ನೆನಪನ್ನು ಕುರಿತ ಒಂದು ಐತಿಹಾಸಿಕ ವಿವೇಚನೆ

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದ ಹಿರಿಯರನ್ನು ಅವರು ಕೀಳಿಸಿಕೊಂಡ ಹಲ್ಲುಗಳ ವಿಷಯವಾಗಿ ಕೇಳಿದರೆ ದೊರೆಯುವ ಉತ್ತರದಲ್ಲಿ ಕಾಲ, ಸ್ಥಳ, ಕರ್ತೃ ಈ ಮೂರೂ ತಪ್ಪದೆ ಇರುತ್ತವೆ. ಯಾವ ಸುಗ್ಗಿಯಲ್ಲಿ ದವಡೆ ಬಾತಿತು, ಯಾರ ಚಕ್ಕಡಿಯಲ್ಲಿ ಮಲಗಿಸಿಕೊಂಡು ಹೋದರು, ತೋಳು ಹಿಡಿದವರು ಇಬ್ಬರೋ ಮೂವರೋ, ಇಕ್ಕಳ ಎಷ್ಟು ಸಲ ಜಾರಿತು ಎಂಬುದನ್ನೆಲ್ಲ ಅವರು ನಿನ್ನೆ ನಡೆದುದರಂತೆ ವರ್ಣಿಸುತ್ತಾರೆ. ತಮ್ಮ ಮದುವೆ ಯಾವ ಸಂವತ್ಸರದಲ್ಲಿ ಆಯಿತೆಂಬುದನ್ನು ಹೇಳಲಾರದವರೂ ಹಲ್ಲು ಕೀಳಿಸಿಕೊಂಡ ದಿನವನ್ನು ಮರೆತಿರುವುದಿಲ್ಲ. ಅದೇ ಮನೆಯ ಕಿರಿಯರಲ್ಲಿ ಯಾರಾದರೂ ಈಚಿನ ವರ್ಷಗಳಲ್ಲಿ ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗಿ, ಹಳ್ಳಿಯವರು ‘ನರದ ಸೂಜಿ’ ಎಂದು ಕರೆಯುವ ಔಷಧವನ್ನು ತೆಗೆದುಕೊಂಡು ಬುದ್ಧಿಹಲ್ಲನ್ನು ತೆಗೆಸಿಕೊಂಡಿದ್ದರೆ, ಅವರ ಉತ್ತರ ಒಂದೇ ಮಾತಿನದು: ಏನೂ ನೆನಪಿಲ್ಲ.

ಈ ಎರಡು ಉತ್ತರಗಳ ನಡುವೆ ಇರುವ ಅಂತರವೇ ಪ್ರಸ್ತುತ ಲೇಖನದ ವಿಷಯ. ಮೊದಲನೆಯವರಿಗೆ ನೋವಾಯಿತು, ಎರಡನೆಯವರಿಗೆ ಆಗಲಿಲ್ಲ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ವೈದ್ಯಶಾಸ್ತ್ರವೇ ಇದನ್ನು ಒಪ್ಪುವುದಿಲ್ಲ. ನೋವು ಇಲ್ಲದಿರುವುದು ಒಂದು, ನೋವಿನ ನೆನಪು ಇಲ್ಲದಿರುವುದು ಇನ್ನೊಂದು. ಸಿರೆಯ ಮೂಲಕ ಕೊಡುವ ಶಾಮಕದ ಇತಿಹಾಸದಲ್ಲಿ ಇವೆರಡೂ ಪದೇ ಪದೇ ಒಂದರೊಳಗೊಂದು ಕಲೆತುಹೋಗಿವೆ. ಇವನ್ನು ಬೇರ್ಪಡಿಸಿ ನೋಡುವುದು ವೈದ್ಯರ ಕೆಲಸವಾಗಿರುವಂತೆ, ಸಾಕ್ಷ್ಯದ ಬೆಲೆಯನ್ನು ಕಟ್ಟುವುದೇ ಕಸುಬಾದ ಇತಿಹಾಸಕಾರನ ಕೆಲಸವೂ ಹೌದೆಂದು ನಮಗೆ ತೋರುತ್ತದೆ.

ಮೊದಲು ಪದಗಳ ವಿಚಾರ. ಹಲ್ಲಿನ ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವ ಸೂಜಿಮದ್ದುಗಳು ಎರಡು ಬಗೆಯವು. ವಸಡಿಗೆ ಅಥವಾ ದವಡೆಯ ನರದ ಬುಡಕ್ಕೆ ಕೊಡುವ ಔಷಧವು ಆ ಭಾಗಕ್ಕೆ ಜೋಮು ಹಿಡಿಸುತ್ತದೆ. ನೋವು ಮಿದುಳನ್ನು ಮುಟ್ಟದಂತೆ ತಡೆಯುವುದು ಇದೇ. ಇದನ್ನು ಸ್ಥಾನಿಕ ಅರಿವಳಿಕೆ ಎನ್ನುತ್ತಾರೆ. ಎರಡನೆಯದು ತೋಳಿನ ಅಥವಾ ಮುಂಗೈಯ ಸಿರೆಯೊಳಗೆ ಕೊಡುವ ಶಾಮಕ. ಹಳ್ಳಿಯ ಮಾತಿನಲ್ಲಿ ಸಿರೆಗೂ ನರವೆಂದೇ ಹೆಸರಾದುದರಿಂದ ಈ ಎರಡೂ ‘ನರದ ಸೂಜಿ’ಗಳೇ ಆಗಿ ಗೊಂದಲ ಹುಟ್ಟುವುದುಂಟು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಮಿಡಜೋಲಾಮ್ ಎಂಬ ಶಾಮಕವು ಎರಡು ಮೂರು ನಿಮಿಷಗಳಲ್ಲಿ ಕೆಲಸವನ್ನಾರಂಭಿಸುತ್ತದೆ. ಭಯ ಅಡಗುತ್ತದೆ, ಬಿಗಿದ ಸ್ನಾಯು ಸಡಿಲವಾಗುತ್ತದೆ, ರೆಪ್ಪೆ ಭಾರವಾಗುತ್ತದೆ, ಮಾತು ತೊದಲುತ್ತದೆ. ರೋಗಿ ಎಚ್ಚರದಲ್ಲಿಯೇ ಇರುತ್ತಾನೆ. ಬಾಯಿ ತೆರೆ ಎಂದರೆ ತೆರೆಯುತ್ತಾನೆ, ಮುಖ ತಿರುಗಿಸು ಎಂದರೆ ತಿರುಗಿಸುತ್ತಾನೆ. ಅರ್ಧ ಗಂಟೆಯ ಕೆಲಸ ಐದು ನಿಮಿಷದ್ದೆಂದು ಅವನಿಗೆ ಅನಿಸುತ್ತದೆ. ಮತ್ತು ಆ ಹೊತ್ತಿನಲ್ಲಿ ನಡೆದುದು ಅವನ ನೆನಪಿನಲ್ಲಿ ನಿಲ್ಲುವುದಿಲ್ಲ. ಸೂಜಿಗೆ ಮುಂಚಿನ ಸಂಗತಿಗಳು ಅಳಿಯುವುದಿಲ್ಲ. ಸೂಜಿಯ ಅನಂತರದವು ದಾಖಲಾಗುವುದೇ ಇಲ್ಲ.

ಇಲ್ಲಿ ಓದುಗರು ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಈ ಬಗೆಯ ಶಾಮಕಗಳಿಗೆ ನೋವನ್ನು ತಡೆಯುವ ಶಕ್ತಿ ಇಲ್ಲ. ಹಾಗಾಗಿ ಶಾಮಕವನ್ನು ಕೊಟ್ಟ ಮೇಲೂ ಜೋಮಿನ ಸೂಜಿಯನ್ನು ಕೊಡಲೇಬೇಕು. ಅದು ಸರಿಯಾಗಿ ಹತ್ತದಿದ್ದರೆ ರೋಗಿಗೆ ನೋವಾಗುತ್ತದೆ, ಅವನು ನರಳುತ್ತಾನೆ, ಕೈಯೆತ್ತಿ ತಡೆಯಲೂ ನೋಡುತ್ತಾನೆ. ಸಂಜೆಗೆ ಕೇಳಿದರೆ ಮಾತ್ರ ಏನೂ ಆಗಲಿಲ್ಲವೆನ್ನುತ್ತಾನೆ.

ಪ್ರಾಚೀನರಿಗೆ ಈ ಪ್ರಶ್ನೆಯ ಅರಿವು ಇರಲಿಲ್ಲವೆಂದು ಹೇಳುವಂತಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ, ಶಸ್ತ್ರಕರ್ಮಕ್ಕೆ ಮೊದಲು ರೋಗಿಗೆ ಇಷ್ಟವಾದ ಊಟವನ್ನು ಕೊಡಬೇಕೆಂದೂ, ಮದ್ಯದ ರೂಢಿಯುಳ್ಳವನಿಗೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದೂ ವಿಧಿಸಲಾಗಿದೆ. ಉಂಡವನು ಮೂರ್ಛೆ ಹೋಗಲಾರ, ಕುಡಿದವನಿಗೆ ಶಸ್ತ್ರದ ಅರಿವಾಗದು ಎಂಬುದು ಅಲ್ಲಿಯ ತರ್ಕ. ಆದರೆ ಅದೇ ಗ್ರಂಥವು ಕೆಲವು ರೋಗಗಳಲ್ಲಿ ಶಸ್ತ್ರಕರ್ಮವನ್ನು ಉಣ್ಣದವನಿಗೇ ಮಾಡಬೇಕೆಂದು ಹೇಳಿ, ಆ ಪಟ್ಟಿಯಲ್ಲಿ ಮುಖರೋಗವನ್ನೂ ಸೇರಿಸಿದೆ. ಬಾಯಿಯೊಳಗಿನ ಶಸ್ತ್ರಕ್ಕೆ ಬರಿಯ ಹೊಟ್ಟೆಯೇ ಕ್ಷೇಮವೆಂಬ ಈ ಸೂಕ್ಷ್ಮವನ್ನು ಇಂದಿನ ವೈದ್ಯರೂ ಪಾಲಿಸುತ್ತಾರೆ. ಶಾಮಕಕ್ಕೆ ಮುಂಚೆ ಸಾಮಾನ್ಯವಾಗಿ ಆರು ಗಂಟೆಗಳ ಕಾಲ ಗಟ್ಟಿ ಆಹಾರವನ್ನು ನಿಷೇಧಿಸುತ್ತಾರೆ. ಹೀಗೆಂದ ಮಾತ್ರಕ್ಕೆ ಸುಶ್ರುತನಿಗೆ ಆಧುನಿಕ ಅರಿವಳಿಕೆಯೆಲ್ಲ ತಿಳಿದಿತ್ತೆಂದು ಸಾಧಿಸಹೊರಡುವ ಉತ್ಸಾಹ ನಮಗಿಲ್ಲ. ಭೋಜರಾಜನ ತಲೆಯ ಶಸ್ತ್ರಕ್ರಿಯೆಯ ಕಥೆಯನ್ನು ಭೋಜಪ್ರಬಂಧದಿಂದೆತ್ತಿ ಇತಿಹಾಸವೆಂದು ಮಂಡಿಸುವವರೂ ಇದ್ದಾರೆ. ಅದು ಭೋಜನ ಕಾಲಕ್ಕೆ ಬಹಳ ಈಚಿನ ಕಾವ್ಯಪ್ರಬಂಧವೆಂಬುದನ್ನು ಅವರು ಮರೆಯುತ್ತಾರೆ.

ನಮ್ಮ ನೆಲದಲ್ಲಿ ಮರೆವಿನ ಮದ್ದಾಗಿ ಹೆಸರಾದುದು ಮದ್ಯಕ್ಕಿಂತ ಹೆಚ್ಚಾಗಿ ಮದಗುಣಿಕೆ, ಎಂದರೆ ದತ್ತೂರಿ. ಬೆಳವಲದ ಹೊಲಗಳ ಬದುವಿನಲ್ಲಿ, ಊರ ಹೊರಗಿನ ತಿಪ್ಪೆಗಳ ಮೇಲೆ ಇದು ತಾನಾಗಿ ಬೆಳೆಯುತ್ತದೆ. ಸಸ್ಯವಿಷಗಳ ವಿಚಾರ ಕನ್ನಡಕ್ಕೆ ಹೊಸದಲ್ಲ. 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯಕ್ಕೇ ಮೀಸಲಾದ ಗ್ರಂಥ. 19ನೆಯ ಶತಮಾನದ ಬ್ರಿಟಿಷ್ ಅಧಿಕಾರಿಗಳನ್ನು ಕಾಡಿದ ಅಪರಾಧಗಳಲ್ಲಿ ದತ್ತೂರಿಯ ಪ್ರಯೋಗವೂ ಒಂದು. ದಾರಿಹೋಕರಿಗೆ ಆಹಾರದಲ್ಲಿ ಬೀಜದ ಪುಡಿಯನ್ನು ಬೆರೆಸಿ ಉಣಿಸಿ ದೋಚುವವರ ವಿಷಯವನ್ನು ನಾರ್ಮನ್ ಚೆವರ್ಸ್ ಎಂಬ ವೈದ್ಯನು 1856ರಲ್ಲಿ ಪ್ರಕಟಿಸಿದ ನ್ಯಾಯವೈದ್ಯಕದ ಗ್ರಂಥದಲ್ಲಿ ಚರ್ಚಿಸಿದ್ದಾನೆ. ಇಂಥ ಮೊಕದ್ದಮೆಗಳ ತೊಡಕು ಏನೆಂದರೆ, ದೋಚಿಸಿಕೊಂಡವನು ಬದುಕಿದರೂ ಸಾಕ್ಷಿ ನುಡಿಯಲಾರ. ಅವನ ಪಾಲಿಗೆ ಆ ರಾತ್ರಿ ನಡೆದೇ ಇಲ್ಲ. ದತ್ತೂರಿಯಲ್ಲಿರುವ ಸ್ಕೋಪಾಲಮಿನ್ ಎಂಬ ಕ್ಷಾರವೇ ಮುಂದೆ ದಂತವೈದ್ಯರ ಸಿರೆಯ ಸೂಜಿಯೊಳಗೂ ಸೇರಿತೆಂಬುದನ್ನು ಈಗ ಸೂಚಿಸಿ ಮುಂದುವರಿಯುತ್ತೇವೆ.

ಆಧುನಿಕ ಅರಿವಳಿಕೆಯ ಇತಿಹಾಸವು ಹಲ್ಲಿನಿಂದಲೇ ಆರಂಭವಾದುದು ಆಕಸ್ಮಿಕವಲ್ಲ. ಪ್ರಾಣವನ್ನು ಉಳಿಸಿಕೊಳ್ಳುವುದಕ್ಕಾಗಿ ಕಾಲನ್ನು ಕತ್ತರಿಸಿಕೊಳ್ಳುವವನು ಹೇಗೂ ನೋವನ್ನು ಸಹಿಸಿಯಾನು. ಹಲ್ಲುನೋವಿನವನಾದರೋ ಇಕ್ಕಳವನ್ನು ಕಂಡು ಮನೆಗೆ ಹಿಂದಿರುಗಬಲ್ಲ. ಆದುದರಿಂದ ನೋವನ್ನು ಅಡಗಿಸುವ ಅಗತ್ಯ ದಂತವೈದ್ಯರಿಗೇ ಹೆಚ್ಚು. ಅಮೆರಿಕೆಯ ಹಾರ್ಟ್‌ಫರ್ಡ್ ಪಟ್ಟಣದಲ್ಲಿ 1844ರ ಡಿಸೆಂಬರ್ 10ರಂದು ನಡೆದ ನಗೆಯನಿಲದ ಪ್ರದರ್ಶನದಲ್ಲಿ, ಅನಿಲವನ್ನು ಸೇದಿದವನೊಬ್ಬನು ಕಾಲಿಗೆ ಪೆಟ್ಟು ಮಾಡಿಕೊಂಡರೂ ಅದರ ಅರಿವಿಲ್ಲದೆ ಇದ್ದುದನ್ನು ಹೊರೇಸ್ ವೆಲ್ಸ್ ಎಂಬ ದಂತವೈದ್ಯನು ಗಮನಿಸಿದನು. ಮರುದಿನವೇ ಅವನು ಆ ಅನಿಲವನ್ನು ತಾನೇ ಸೇದಿ, ಜಾನ್ ರಿಗ್ಸ್ ಎಂಬ ಸಹೋದ್ಯೋಗಿಯಿಂದ ತನ್ನ ಹಲ್ಲನ್ನು ಕೀಳಿಸಿಕೊಂಡನು.

1845ರ ಜನವರಿಯಲ್ಲಿ ವೆಲ್ಸನು ಬಾಸ್ಟನ್ನಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳ ಮುಂದೆ ಈ ಪ್ರಯೋಗವನ್ನು ಮಾಡಿ ತೋರಿಸಿದನು. ಅನಿಲದ ಚೀಲವನ್ನು ಬೇಗ ತೆಗೆದುದರಿಂದ ಹಲ್ಲು ಕೀಳುವಾಗ ರೋಗಿ ಕೂಗಿಕೊಂಡನು. ಸಭೆ ಇದನ್ನು ವಂಚನೆಯೆಂದು ಹೀಯಾಳಿಸಿತು. ವೈದ್ಯಶಾಸ್ತ್ರದ ಇತಿಹಾಸಗಳಲ್ಲಿ ಈ ಘಟನೆಯನ್ನು ಒಂದು ಸೋಲೆಂದು ಬರೆಯುವುದು ವಾಡಿಕೆ. ಆದರೆ ಆ ರೋಗಿ ಆಮೇಲೆ ಹೇಳಿದುದೇನು? ತನಗೆ ಸ್ವಲ್ಪ ನೋವಾಯಿತು, ಆದರೆ ಹಲ್ಲು ಕೀಳುವಾಗ ಸಾಮಾನ್ಯವಾಗಿ ಆಗುವಷ್ಟು ಆಗಲಿಲ್ಲ ಎಂದು. ಸಭೆಯು ಕೂಗನ್ನು ನಂಬಿತು; ರೋಗಿಯ ಮಾತನ್ನು ನಂಬಲಿಲ್ಲ. ಎರಡು ಸಾಕ್ಷ್ಯಗಳಲ್ಲಿ ಯಾವುದು ನಿಜ? ಇವೆರಡೂ ಒಂದೇ ದೇಹದಿಂದ ಬಂದವು. ಒಂದು ಆ ಕ್ಷಣದ್ದು, ಇನ್ನೊಂದು ಆ ಕ್ಷಣದ ನೆನಪು. ಮುಂದಿನ ಕಾಲದವರು ಈ ಕ್ರಮವನ್ನು ತಲೆಕೆಳಗು ಮಾಡಿ, ನೆನಪನ್ನು ನಂಬಿ ಕೂಗನ್ನು ಅಲಕ್ಷಿಸಿದರೆಂಬುದೇ ನಮ್ಮ ವಾದದ ತಿರುಳು.

1846ರ ಸೆಪ್ಟೆಂಬರ್ 30ರಂದು ವೆಲ್ಸನ ಹಳೆಯ ಸಹಭಾಗಿ ವಿಲಿಯಮ್ ಮಾರ್ಟನ್ನನು ಈಥರನ್ನು ಮೂಸಿಸಿ ಹಲ್ಲು ಕಿತ್ತನು. ಅಕ್ಟೋಬರ್ 16ರ ಪ್ರಸಿದ್ಧ ಪ್ರದರ್ಶನದಿಂದ ಈಥರ್ ಜಗತ್ತಿಗೆಲ್ಲ ಹರಡಿತು. ಮರುವರ್ಷವೇ ಅದು ಕಲಕತ್ತೆಯನ್ನು ಮುಟ್ಟಿತು. 1847ರ ನವೆಂಬರಿನಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದನು. ಮೂರು ತಿಂಗಳು ತುಂಬುವಷ್ಟರಲ್ಲಿ, 1848ರ ಜನವರಿ 28ರಂದು, ಇಂಗ್ಲೆಂಡಿನ ಹದಿನೈದರ ಹುಡುಗಿ ಹನ್ನಾ ಗ್ರೀನರ್ ಕಾಲ್ಬೆರಳಿನ ಉಗುರನ್ನು ತೆಗೆಸಿಕೊಳ್ಳುವಾಗ ಅದರಿಂದಲೇ ಸತ್ತಳು.

ಈ ಸಾವುಗಳ ಕಾರಣವನ್ನು ಶೋಧಿಸುವ ಕೆಲಸಕ್ಕೆ ನಮ್ಮ ಜಿಲ್ಲೆಯ ನೆರೆಯ ಸಂಸ್ಥಾನವೇ ಮುಂದೆ ನಿಂತಿತು. ಅಂದಿನ ಧಾರವಾಡ ಜಿಲ್ಲೆಯ ಪೂರ್ವದ ಎಲ್ಲೆಗೆ ತಗುಲಿ ನಿಜಾಮನ ರಾಜ್ಯವಿದ್ದಿತು. ಹೈದರಾಬಾದಿನ ಎಡ್ವರ್ಡ್ ಲಾರಿಯ ನೇತೃತ್ವದಲ್ಲಿ 1888ರಲ್ಲಿ ಮೊದಲನೆಯ, 1889ರಲ್ಲಿ ಎರಡನೆಯ ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ನನನ್ನು ಕರೆಸುವುದಕ್ಕಾಗಿ ನಿಜಾಮನು 1,000 ಪೌಂಡುಗಳನ್ನು ಕೊಟ್ಟನು. ಮೊದಲು ನಿಲ್ಲುವುದು ಉಸಿರು, ಆಮೇಲೆ ಹೃದಯ. ಆದುದರಿಂದ ನಾಡಿಯನ್ನಲ್ಲ, ಉಸಿರನ್ನು ಕಾಯಬೇಕು ಎಂಬುದು ಆಯೋಗದ ತೀರ್ಮಾನ. ಕ್ಲೋರೋಫಾರ್ಮಿನ ಮಟ್ಟಿಗೆ ಈ ತೀರ್ಮಾನ ಪೂರ್ತಿ ಸರಿಯಲ್ಲವೆಂದು 1911ರಲ್ಲಿ ಲೀವಿಯ ಸಂಶೋಧನೆ ತೋರಿಸಿತು. ಆದರೂ ಸಿರೆಯ ಶಾಮಕಗಳ ಮಟ್ಟಿಗೆ ಹೈದರಾಬಾದಿನ ಮಾತು ಇಂದಿಗೂ ನಿಲ್ಲುತ್ತದೆ. ಇವುಗಳ ಮುಖ್ಯ ಅಪಾಯವಿರುವುದು ಉಸಿರಾಟ ಕುಗ್ಗುವುದರಲ್ಲಿಯೇ.

ಇಷ್ಟಕ್ಕೂ ಸಿರೆಯ ದಾರಿ ಏಕೆ ಬೇಕಾಯಿತು? ಹಲ್ಲಿನ ಶಸ್ತ್ರಕ್ರಿಯೆಯಲ್ಲಿ ವೈದ್ಯನ ಕೈ ಹೋಗುವ ದಾರಿಯೂ ರೋಗಿಯ ಉಸಿರಿನ ದಾರಿಯೂ ಒಂದೇ. ಮುಖದ ಮೇಲೆ ಅನಿಲದ ಮುಸುಕನ್ನು ಹಾಕಿದರೆ ಬಾಯಿ ಮುಚ್ಚುತ್ತದೆ. ತೆಗೆದರೆ ರೋಗಿ ಎಚ್ಚರಗೊಳ್ಳುತ್ತಾನೆ. ವೆಲ್ಸನು ಬಾಸ್ಟನ್ನಿನಲ್ಲಿ ಎಡವಿದುದು ಈ ಸಂದಿಯಲ್ಲಿಯೇ. ಔಷಧ ತೋಳಿನಿಂದ ಹೋದರೆ ಮುಖ ಬಿಡುವಾಗುತ್ತದೆ. ಫ್ರಾನ್ಸಿನ ಬಾರ್ಡೋದ ಓರೆ ಎಂಬುವನು 1870ರ ದಶಕದಲ್ಲಿಯೇ ಕ್ಲೋರಲನ್ನು ಸಿರೆಯೊಳಗೆ ಕೊಟ್ಟು ನೋಡಿದ್ದನು. ಅದು ನಿಲ್ಲಲಿಲ್ಲ. 1932ರಲ್ಲಿ ಜರ್ಮನಿಯ ಹೆಕ್ಸೊಬಾರ್ಬಿಟಾಲ್, 1934ರಲ್ಲಿ ಅಮೆರಿಕೆಯ ಥಯೊಪೆಂಟಾಲ್ ಬಂದ ಮೇಲೆ ಈ ದಾರಿ ತೆರೆಯಿತು.

ಈ ನಡುವೆ ಇನ್ನೊಂದು ಪ್ರಯೋಗ ನಡೆದಿತ್ತು. ಅದು ಹಲ್ಲಿನದಲ್ಲ, ಹೆರಿಗೆಯದು. ಆದರೂ ನಮ್ಮ ವಿಷಯಕ್ಕೆ ಅದರಷ್ಟು ಬೆಳಕು ಚೆಲ್ಲುವ ಪ್ರಕರಣ ಬೇರೊಂದಿಲ್ಲ. ಜರ್ಮನಿಯ ಫ್ರೈಬುರ್ಗಿನಲ್ಲಿ ಕ್ರೋನಿಗ್ ಮತ್ತು ಗಾಸ್ ಎಂಬ ವೈದ್ಯರು 20ನೆಯ ಶತಮಾನದ ಮೊದಲ ದಶಕದಲ್ಲಿ ಬಸುರಿಯರಿಗೆ ಮಾರ್ಫಿನ್ ಮತ್ತು ಸ್ಕೋಪಾಲಮಿನ್‌ಗಳನ್ನು ಕೊಟ್ಟು ‘ಮಬ್ಬುನಿದ್ರೆ’ಯಲ್ಲಿ ಹೆರಿಗೆ ಮಾಡಿಸತೊಡಗಿದರು. ಔಷಧ ಸಾಕಾಯಿತೆ ಎಂದು ತಿಳಿಯಲು ಗಾಸನು ಆಕೆಯ ನೋವನ್ನು ಅಳೆಯಲಿಲ್ಲ, ನೆನಪನ್ನು ಅಳೆದನು: ಒಂದು ವಸ್ತುವನ್ನು ತೋರಿಸಿ, ಸ್ವಲ್ಪ ಹೊತ್ತಿನ ಮೇಲೆ ಅದನ್ನು ಕಂಡಿದ್ದೆಯಾ ಎಂದು ಕೇಳುವುದು, ಇಲ್ಲವೆಂದರೆ ಔಷಧ ಸಾಕು. ಹೆರುವಾಗ ಎಷ್ಟೋ ಹೆಂಗಸರು ಚೀರಾಡುತ್ತಿದ್ದರು, ಹೊರಳಾಡುತ್ತಿದ್ದರು. ಎಚ್ಚರಗೊಂಡ ಮೇಲೆ ಅವರೇ ಸುಖಪ್ರಸವವಾಯಿತೆಂದು ಹೇಳಿ ಆ ಪದ್ಧತಿಯನ್ನು ಹೊಗಳಿದರು. ಬಾಸ್ಟನ್ನಿನ ಸಭೆ ಕೂಗನ್ನು ನಂಬಿದ್ದರೆ, ಫ್ರೈಬುರ್ಗಿನಲ್ಲಿ ಕೂಗಿಗೆ ಬೆಲೆಯೇ ಇಲ್ಲವಾಯಿತು.

1945ರಲ್ಲಿ ಕ್ಯಾಲಿಫೋರ್ನಿಯದ ದಂತವೈದ್ಯ ನೀಲ್ಸ್ ಯಾರ್ಗೆನ್ಸನ್ನನು ಪೆಂಟೊಬಾರ್ಬಿಟಾಲ್, ಪೆಥಿಡಿನ್, ಸ್ಕೋಪಾಲಮಿನ್ ಈ ಮೂರನ್ನೂ ಸಿರೆಯೊಳಗೆ ಕೊಟ್ಟು, ಜೊತೆಗೆ ಸ್ಥಾನಿಕ ಅರಿವಳಿಕೆಯನ್ನೂ ಬಳಸಿ ಚಿಕಿತ್ಸೆ ಮಾಡುವ ಕ್ರಮವನ್ನು ರೂಪಿಸಿದನು. ರೋಗಿಯನ್ನು ಮೂರ್ಛೆಗೊಳಿಸದೆ ಮಂಪರಿನಲ್ಲಿ ಇರಿಸುವುದು, ನೋವನ್ನು ತಡೆಯುವ ಹೊಣೆಯನ್ನು ಜೋಮಿನ ಸೂಜಿಗೇ ಬಿಡುವುದು ಎಂಬ ಈ ಕ್ರಮವನ್ನು ಇಂದಿನ ಪದ್ಧತಿಗೆ ಮೂಲವೆಂದು ಎಣಿಸುತ್ತಾರೆ. ಇಂಗ್ಲೆಂಡಿನಲ್ಲಿ ಡ್ರಮಂಡ್-ಜ್ಯಾಕ್ಸನ್ನನು ಬೇರೆ ದಾರಿ ಹಿಡಿದನು. ಮೆಥೊಹೆಕ್ಸಿಟೋನ್ ಎಂಬ ಔಷಧವನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟು ಬಿಟ್ಟು ಸಿರೆಗೆ ಕೊಡುತ್ತ, ಅರಿವಳಿಕೆಯೂ ಶಸ್ತ್ರವೂ ಒಬ್ಬನ ಕೈಯಲ್ಲಿಯೇ ಇರಬಹುದೆಂದು ಅವನು ಸಾಧಿಸಿದನು. 1957ರಲ್ಲಿ ಇದಕ್ಕಾಗಿ ಒಂದು ಸಂಘವನ್ನೂ ಕಟ್ಟಿದನು. 1969ರಲ್ಲಿ ಬರ್ಮಿಂಗ್‌ಹ್ಯಾಮಿನ ನಾಲ್ವರು ಸಂಶೋಧಕರು ಈ ಪದ್ಧತಿಯಲ್ಲಿ ಉಸಿರಿಗೂ ರಕ್ತಚಲನೆಗೂ ಅಪಾಯವಿದೆಯೆಂದು ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬರೆದಾಗ, ಡ್ರಮಂಡ್-ಜ್ಯಾಕ್ಸನ್ನನು ಮಾನನಷ್ಟದ ಮೊಕದ್ದಮೆಯನ್ನೇ ಹೂಡಿದನು. ವೈಜ್ಞಾನಿಕ ಲೇಖನವೊಂದು ಹೀಗೆ ನ್ಯಾಯಾಲಯದ ಕಟ್ಟೆಯನ್ನು ಏರುವುದು ವಿರಳ. ವಾದದ ಎರಡು ಪಕ್ಷಗಳನ್ನೂ ಓದಿದಾಗ ನಮಗೆ ಎದ್ದು ಕಾಣುವ ಸಂಗತಿ ಇದು: ಒಂದು ಕಡೆಯವರು ಸಾವಿರಾರು ತೃಪ್ತ ರೋಗಿಗಳನ್ನು ಮುಂದಿಟ್ಟರು, ಇನ್ನೊಂದು ಕಡೆಯವರು ಆಮ್ಲಜನಕದ ಮತ್ತು ರಕ್ತದೊತ್ತಡದ ಅಂಕಿಗಳನ್ನು. ತೃಪ್ತಿಯೂ ನಿಜ, ಅಂಕಿಯೂ ನಿಜ. ರೋಗಿಯ ತೃಪ್ತಿಗೆ ಅವನ ಉಸಿರು ಕುಗ್ಗಿದುದರ ಅರಿವು ಇರಲಿಲ್ಲ, ಅಷ್ಟೆ. ಮುಂದೆ 1990ರ ಪಾಸ್ವಿಲೊ ವರದಿಯ ಅನಂತರ ಬ್ರಿಟನ್ ಕ್ರಮೇಣ ನಿಯಮಗಳನ್ನು ಬಿಗಿಗೊಳಿಸಿ, 2001ರ ಅಂತ್ಯದೊಳಗಾಗಿ ಹಲ್ಲಿನ ಖಾಸಗಿ ಚಿಕಿತ್ಸಾಲಯಗಳಲ್ಲಿ ಪೂರ್ಣ ಅರಿವಳಿಕೆಯನ್ನು ಕೊನೆಗಾಣಿಸಿತು. ಎಚ್ಚರ ಉಳಿಸುವ ಶಾಮಕ ಮಾತ್ರ ಉಳಿಯಿತು.

1963ರಲ್ಲಿ ಪೇಟೆಗೆ ಬಂದ ಡಯಜೆಪಾಮ್ ಆ ದಶಕದ ಉತ್ತರಾರ್ಧದಲ್ಲಿ ದಂತವೈದ್ಯರ ಸಿರೆಮದ್ದಾಯಿತು. ಅದು ಸಿರೆಯನ್ನು ಉರಿಸುತ್ತಿತ್ತು, ಮೈಯಲ್ಲಿ ದಿನಗಟ್ಟಲೆ ಉಳಿಯುತ್ತಿತ್ತು. 1975ರಲ್ಲಿ ಸಂಶ್ಲೇಷಿಸಲಾದ ಮಿಡಜೋಲಾಮ್ ನೀರಿನಲ್ಲಿ ಕರಗುವಂಥದು, ಬೇಗ ಇಳಿಯುವಂಥದು, ಮರೆವನ್ನು ಹೆಚ್ಚು ತರುವಂಥದು. 1980ರ ದಶಕದಲ್ಲಿ ಅಮೆರಿಕೆಯಲ್ಲಿ ಇದನ್ನು ಡಯಜೆಪಾಮಿನ ಅಳತೆಯಲ್ಲಿಯೇ ಕೊಟ್ಟು, ಅಫೀಮಿನ ವರ್ಗದ ಔಷಧಗಳನ್ನೂ ಕೂಡಿಸಿ, ಉಸಿರು ನಿಂತು ಸತ್ತ ಪ್ರಕರಣಗಳು ವರದಿಯಾದವು, ಮುಖ್ಯವಾಗಿ ಮುಪ್ಪಿನವರಲ್ಲಿ. ಅದರಿಂದ ಕಲಿತ ಪಾಠವೇ ಇಂದಿನ ಕ್ರಮ: ಹನಿಹನಿಯಾಗಿ ಕೊಟ್ಟು, ಕಾದು, ನೋಡಿ, ಮತ್ತೆ ಕೊಡುವುದು, ಜಪಾನಿನ ಅವೊಯಾಗಿಯ 1974ರ ತತ್ತ್ವವನ್ನು ಆಧರಿಸಿದ ಬೆರಳಿನ ಉಪಕರಣದಿಂದ ರಕ್ತದ ಆಮ್ಲಜನಕವನ್ನು ಎಡೆಬಿಡದೆ ಅಳೆಯುವುದು, ಪ್ರತಿಮದ್ದಾದ ಫ್ಲುಮಜೆನಿಲನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳುವುದು. ಪ್ರತಿಮದ್ದಿನ ಪ್ರಭಾವ ಶಾಮಕಕ್ಕಿಂತ ಬೇಗ ಇಳಿಯುವುದರಿಂದ ಎಚ್ಚರಗೊಂಡವನು ಮತ್ತೆ ಮಂಪರಿಗೆ ಜಾರಬಹುದು. ಕೆಲವರಲ್ಲಿ ಶಾಮಕವು ಶಾಂತಿಯ ಬದಲು ಕಳವಳವನ್ನೂ ರೇಗಾಟವನ್ನೂ ಹುಟ್ಟಿಸುತ್ತದೆ. ಕೆಲವರು ಕನಸಿನಂಥ ಭ್ರಮೆಗಳನ್ನು ಕಂಡು ಅವನ್ನೇ ನಿಜವೆಂದು ನಂಬುತ್ತಾರೆ. ಆದುದರಿಂದಲೇ ಕೋಣೆಯಲ್ಲಿ ಮೂರನೆಯವರೊಬ್ಬರು ಇರಲೇಬೇಕೆಂಬ ಕಟ್ಟಳೆ ಹುಟ್ಟಿತು. ಇದನ್ನು ಮರ್ಯಾದೆಯ ಕಟ್ಟಳೆಯೆಂದಷ್ಟೇ ತಿಳಿಯಬಾರದು. ಅದು ಸಾಕ್ಷಿಯ ಕಟ್ಟಳೆಯೂ ಹೌದು.

ಈಗ ನಮ್ಮ ಜಿಲ್ಲೆಗೆ ಬರೋಣ. 1997ರಲ್ಲಿ ಗದಗ ಮತ್ತು ಹಾವೇರಿಗಳು ಬೇರೆಯಾಗುವವರೆಗೆ ಧಾರವಾಡ ವಿಸ್ತಾರವಾದ ಜಿಲ್ಲೆಯಾಗಿತ್ತು. ಬಾಸೆಲ್ ಮಿಶನ್ನಿನವರು 20ನೆಯ ಶತಮಾನದ ಆರಂಭದಲ್ಲಿ ಗದಗ-ಬೆಟಗೇರಿಯಲ್ಲಿ ಆಸ್ಪತ್ರೆಯನ್ನು ತೆರೆದರು. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಹಲ್ಲಿಗೆ ಮಾತ್ರ ಸರದಿ ತಡವಾಗಿ ಬಂತು. ರಾಜ್ಯದ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿ ದೂರದ ಬೆಂಗಳೂರಿನಲ್ಲಿ ಆರಂಭವಾದುದು. ಧಾರವಾಡದ ಸತ್ತೂರಿನಲ್ಲಿ ಎಸ್.ಡಿ.ಎಂ. ದಂತವೈದ್ಯ ಕಾಲೇಜು ಸ್ಥಾಪಿತವಾದುದು 1986ರಲ್ಲಿ. ಅಲ್ಲಿಯವರೆಗೆ ನವಲಗುಂದ, ಅಣ್ಣಿಗೇರಿಗಳ ಕಪ್ಪುನೆಲದ ಒಕ್ಕಲಿಗನಿಗೂ ಕಲಘಟಗಿಯ ಅಡವಿಯಂಚಿನ ಹಳ್ಳಿಯವನಿಗೂ ಹಲ್ಲುನೋವೆಂದರೆ ಲವಂಗ, ಸುಟ್ಟ ತಂಬಾಕಿನ ಪುಡಿ, ಹಲ್ಲಿನ ಹುಳ ತೆಗೆಯುವೆವೆಂದು ಸಂತೆಗೆ ಬರುವವರು, ಕೊನೆಗೆ ಯಾರದೋ ಇಕ್ಕಳ. ಹಲ್ಲಿನ ಹುಳದ ನಂಬಿಕೆ ಇನ್ನೂ ಪೂರ್ತಿ ಹೋಗಿಲ್ಲ.

ಶಾಮಕವೇನೋ ನಗರಕ್ಕೆ ಬಂದಿದೆ. ಆದರೆ ಅದರ ನಿಯಮಗಳೆಲ್ಲ ಪೇಟೆಯ ಬದುಕನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದವು. ಬರಿಯ ಹೊಟ್ಟೆಯಲ್ಲಿ ಬರಬೇಕೆಂಬುದು ಒಂದು. ಕಲಘಟಗಿಯ ಆಚೆಯ ಹಳ್ಳಿಯಿಂದ ನಸುಕಿನ ಬಸ್ಸು ಹಿಡಿಯುವವನಿಗೆ ಇದು ಇಡೀ ದಿನದ ಉಪವಾಸ. ಸಕ್ಕರೆರೋಗವಿದ್ದರೆ ಅಪಾಯವೂ ಹೌದು. ಜೊತೆಗೊಬ್ಬರು ಬರಬೇಕೆಂಬುದು ಇನ್ನೊಂದು. ಕುಂದಗೋಳದ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಒಂದು ಮನೆಯಿಂದ ಇಬ್ಬರು ಹೊರಬಿದ್ದರೆ ಎರಡು ದಿನಗೂಲಿ ಹೋದಂತೆ. ಇಪ್ಪತ್ತನಾಲ್ಕು ಗಂಟೆ ಗಾಡಿ ನಡೆಸಬಾರದು, ಯಂತ್ರ ಮುಟ್ಟಬಾರದು, ಮಹತ್ತ್ವದ ಕಾಗದಪತ್ರಗಳಿಗೆ ರುಜು ಹಾಕಬಾರದು ಎಂಬ ಮೂರನೆಯ ನಿಯಮವನ್ನು ಹಳ್ಳಿಗೆ ಅನುವಾದಿಸಿದರೆ ಟ್ರ್ಯಾಕ್ಟರು, ಮೇವು ಕತ್ತರಿಸುವ ಯಂತ್ರ, ಹೊಲದ ಪತ್ರದ ಮೇಲಿನ ಹೆಬ್ಬೆಟ್ಟು ಎಂದಾಗುತ್ತದೆ. ಸಂಜೆಯ ಹೊತ್ತಿಗೆ ಚೆನ್ನಾಗಿ ಮಾತಾಡುತ್ತಿರುವ ಮನುಷ್ಯ ಮರುದಿನ ತಾನು ಒಪ್ಪಿದುದನ್ನೇ ಅರಿಯದೆ ಇರಬಹುದೆಂಬುದು ಮನೆಯವರಿಗೆ ಹೊಳೆಯುವುದಿಲ್ಲ. ಶಸ್ತ್ರಕ್ರಿಯೆಯ ಒಪ್ಪಿಗೆಯನ್ನು ಸೂಜಿಗೆ ಮೊದಲೇ ಪಡೆಯಬೇಕೆಂಬ ಕಟ್ಟಳೆಗೂ ಇದೇ ಕಾರಣ; ಸೂಜಿಯ ಅನಂತರ ರೋಗಿ ಎಲ್ಲದಕ್ಕೂ ಹೂಂ ಎನ್ನುತ್ತಾನೆ.

ಗುಟಕಾದ ವಿಷಯವನ್ನೂ ಹೇಳದೆ ಬಿಡುವಂತಿಲ್ಲ. ಅಡಿಕೆಯನ್ನು ಎಡೆಬಿಡದೆ ಅಗಿಯುವವರಲ್ಲಿ ಬಾಯಿಯ ಒಳಪದರ ನಾರುಗಟ್ಟಿ, ದವಡೆ ಬಿಗಿದು, ಕೊನೆಗೆ ಒಂದೆರಡು ಬೆರಳು ತೂರುವಷ್ಟೂ ಬಾಯಿ ತೆರೆಯದಂತಾಗುತ್ತದೆ. 1950ರ ದಶಕದ ಆರಂಭದಲ್ಲಿ ವೈದ್ಯರು ಪ್ರತ್ಯೇಕವಾಗಿ ಗುರುತಿಸಿ ಹೆಸರಿಟ್ಟ ಈ ರೋಗ ಇಂದು ನಮ್ಮ ಹಳ್ಳಿಗಳ ಹರೆಯದವರಲ್ಲಿಯೂ ಕಾಣುತ್ತದೆ. 2013ರಲ್ಲಿ ಕರ್ನಾಟಕ ಸರ್ಕಾರ ಗುಟಕಾವನ್ನು ನಿಷೇಧಿಸಿದರೂ ಅಡಿಕೆಯ ಪುಡಿ, ತಂಬಾಕು ಬೇರೆಬೇರೆ ಚೀಟುಗಳಲ್ಲಿ ಸಿಗುತ್ತವೆ. ಇಂಥವನಿಗೆ ಶಾಮಕದಿಂದ ಉಸಿರು ಕುಗ್ಗಿದರೆ, ಬಾಯಿ ತೆರೆದು ಉಸಿರಿನ ದಾರಿಯನ್ನು ಬಿಡಿಸುವುದು ಕಷ್ಟ. ಭಯಪಡುವವನಿಗೆ ಶಾಮಕ ಬೇಕು, ಬಾಯಿ ತೆರೆಯಲಾರದವನಿಗೆ ಅದು ಕೂಡದು. ಇವರಿಬ್ಬರೂ ಒಬ್ಬನೇ ಆಗಿರುವುದು ನಮ್ಮ ಭಾಗದಲ್ಲಿ ಅಪರೂಪವಲ್ಲ.

ಕೆಲವು ವರ್ಷಗಳ ಹಿಂದೆ ನವಲಗುಂದ ತಾಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ಸೋದರಮಾವನವರ ಬುದ್ಧಿಹಲ್ಲಿನ ಶಸ್ತ್ರಕ್ರಿಯೆಗೆ ಜೊತೆಗಾರರಾಗಿ ಹೋಗುವ ಸಂದರ್ಭ ನಮಗೆ ಬಂದಿತ್ತು. ಬಾಗಿಲ ಹೊರಗೆ ಕುಳಿತ ನಮಗೆ ಒಳಗಿನಿಂದ ಒಮ್ಮೆ ಅವರು ದೊಡ್ಡದಾಗಿ ನರಳಿದುದು ಕೇಳಿಸಿತು. ಬೆನ್ನಿಗೇ ವೈದ್ಯರು ಇನ್ನೊಂದು ಜೋಮಿನ ಸೂಜಿಯನ್ನು ಕೇಳಿದುದೂ, ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನೆ ಕಾದುದೂ ತಿಳಿಯಿತು. ಮುಕ್ಕಾಲು ಗಂಟೆಯ ಮೇಲೆ ಕೈಹಿಡಿದು ಹೊರಗೆ ಕರೆತಂದಾಗ, ಬಾಯೊಳಗಿನ ಹತ್ತಿಯ ನಡುವೆಯೇ ಮಾವ ಕೇಳಿದರು: “ಇನ್ನೂ ಯಾವಾಗ ಸುರು ಮಾಡತಾರೊ ತಮ್ಮಾ? ಹೊತ್ತಾತಲ್ಲ.” ಮುಗಿಯಿತೆಂದು ಹೇಳಿದರೂ ನಂಬಲಿಲ್ಲ; ನಾಲಗೆಯಿಂದ ತಡಕಿ ನೋಡಿಕೊಂಡು ಸುಮ್ಮನಾದರು. ಆ ರಾತ್ರಿ ಹುಬ್ಬಳ್ಳಿಯಲ್ಲಿಯೇ ಉಳಿದು, ಮರುದಿನ ಬೆಳಿಗ್ಗೆ ನವಲಗುಂದದ ಬಸ್ಸಿನಲ್ಲಿ ಕುಳಿತಾಗ ಅವರು ಮತ್ತೆ ಕೇಳಿದರು: “ನಾ ಏನರ ಒದರಿದ್ನೇನು?” ಒಮ್ಮೆ ನರಳಿದಿರಿ, ವೈದ್ಯರು ಆಮೇಲೆ ಮತ್ತೊಂದು ಸೂಜಿ ಕೊಟ್ಟರು ಎಂದೆವು. ಅವರು ಬಹಳ ಹೊತ್ತು ಕಿಟಕಿಯಾಚೆಯ ಕಡಲೆಯ ಹೊಲಗಳನ್ನು ನೋಡುತ್ತಿದ್ದು, “ಹಂಗಾರ ನೋವಾಗಿರಬೇಕು ಬಿಡು. ನನಗ ಗೊತ್ತಿಲ್ಲ, ನಿನಗ ಗೊತ್ತೈತಿ,” ಎಂದರು.

ವೈದ್ಯರು ಆ ದಿನ ಸರಿಯಾದುದನ್ನೇ ಮಾಡಿದರು. ನರಳಿಕೆ ನೆನಪಿನಲ್ಲಿ ಉಳಿಯದೆಂದು ಅವರಿಗೆ ಗೊತ್ತಿತ್ತು; ಕೆಲಸವನ್ನು ಮುಂದುವರಿಸಿದ್ದರೆ ಯಾರೂ ದೂರುತ್ತಿರಲಿಲ್ಲ. ಆದರೂ ಅವರು ನಿಲ್ಲಿಸಿದರು, ಸೂಜಿ ಕೊಟ್ಟರು, ಕಾದರು. ಬಿಡುಗಡೆಯ ಹೊತ್ತಿನಲ್ಲಿ ನಮ್ಮ ಕೈಗೆ ಬಂದ ಕಾಗದದಲ್ಲಿ ಶಾಮಕದ ಪ್ರಮಾಣ, ಕೊಟ್ಟ ವೇಳೆ, ನಾಡಿಯ ಗತಿ, ರಕ್ತದೊತ್ತಡ, ಆಮ್ಲಜನಕ ಎಲ್ಲಕ್ಕೂ ಮನೆಗಳಿದ್ದು ಎಲ್ಲವೂ ತುಂಬಿದ್ದವು. ಎರಡನೆಯ ಜೋಮಿನ ಸೂಜಿಯ ವೇಳೆಯೂ ಅದರಲ್ಲಿತ್ತು. ಅದನ್ನು ಏಕೆ ಕೊಡಬೇಕಾಯಿತೆಂಬುದಕ್ಕೆ ಮನೆ ಇರಲಿಲ್ಲ. ಅದರ ಅಂಚಿನಲ್ಲಿ, ಆ ವೇಳೆಯ ಎದುರಿಗೆ, ಮಾವನವರ ಅಪ್ಪಣೆ ಪಡೆದು ನಾವೇ ಒಂದು ಸಾಲು ಬರೆದಿಟ್ಟೆವು.